ಸಾಂಬಾರ ಡಬ್ಬಿಯ ಕಲ್ಲುಹೂವು, ಇಲಿಯ ಪಾದದ ಬಾವು

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಮ್ಮ ಕಳೆದ ತಿಂಗಳು ಫೋನು ಮಾಡಿದ್ದರು. ಕುಶಲ ಸಮಾಚಾರ ಮುಗಿಯುತ್ತಿದ್ದಂತೆ ವಿಷಯಕ್ಕೆ ಬಂದರು. "ಕಲ್ಲುಹೂವಿನ ಕಷಾಯ ಕುಡಿದರೆ ಮಂಡಿಯ ಬಾವು ಇಳಿಯುತ್ತದಂತೆ. ವಿದೇಶದ ವಿಜ್ಞಾನಿಗಳೇ ಕಂಡುಹಿಡಿದಿದ್ದಾರಂತೆ. ದಿನಕ್ಕೆ ಎಷ್ಟು ಹಾಕಬೇಕು, ಸ್ವಲ್ಪ ನೋಡಿ ಹೇಳು." ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಂದೇಶವನ್ನೂ ನನಗೆ ದಾಟಿಸಿದರು. ಅದರಲ್ಲಿ ಬಂಡೆಗೆ ಅಂಟಿದ ಹಸಿರುಬೂದು ಬಣ್ಣದ ಚಿತ್ರವೊಂದಿತ್ತು. ಕೆಳಗೆ ಉಸ್ನಿಕ್ ಆಮ್ಲ, ಅಟ್ರನೊರಿನ್ ಎಂಬ ಹೆಸರುಗಳಿದ್ದವು. ಕೊನೆಗೆ ನಮ್ಮ ಪೂರ್ವಜರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎಂಬ ಮಾಮೂಲು ಸಾಲು.

ಸಂದೇಶ ಪೂರ್ತಿ ಸುಳ್ಳಾಗಿದ್ದರೆ ಉತ್ತರ ಹೇಳುವುದು ಸುಲಭವಿತ್ತು. ಆದರೆ ಅದರಲ್ಲಿದ್ದ ರಾಸಾಯನಿಕಗಳು ನಿಜ, ಅವುಗಳ ಮೇಲೆ ಪ್ರಯೋಗಗಳು ನಡೆದಿರುವುದೂ ನಿಜ. ಜಗತ್ತಿನ ನಾನಾ ಪ್ರಯೋಗಾಲಯಗಳು ಕಲ್ಲುಹೂವಿನ ಜಾತಿಗಳಿಂದ ಉರಿಯೂತ ತಗ್ಗಿಸುವ ವಸ್ತುಗಳನ್ನು ಹುಡುಕುತ್ತಿವೆ, ಈ ಕುರಿತ ಪ್ರಬಂಧಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಎಡವಟ್ಟು ಆಗಿರುವುದು ಪ್ರಯೋಗಾಲಯದ ಗಾಜಿನ ತಟ್ಟೆಗೂ ಚಿಕ್ಕಮ್ಮನ ಕಷಾಯದ ಲೋಟಕ್ಕೂ ನಡುವಿನ ದಾರಿಯಲ್ಲಿ. ಆ ದಾರಿಯನ್ನು ಸ್ವಲ್ಪ ನಿಧಾನವಾಗಿ ನಡೆದು ನೋಡಬೇಕು.

ಮೊದಲು ಅಡುಗೆಮನೆಯಿಂದಲೇ ಶುರು ಮಾಡಿದೆ. ದಿನಸಿ ಅಂಗಡಿಯಿಂದ 50 ಗ್ರಾಂ ಕಲ್ಲುಹೂವಿನ ಪೊಟ್ಟಣ ತಂದು ಹಳೆಯ ಪತ್ರಿಕೆಯ ಮೇಲೆ ಸುರಿದೆ. ಬಿಸಿಬೇಳೆ ಭಾತಿನ ಪುಡಿಗೆ ಮರಾಠಿ ಮೊಗ್ಗಿನ ಜೊತೆ ಚಿಟಿಕೆಯಷ್ಟು ಹುರಿದು ಹಾಕುವಾಗ ಯಾರೂ ಇದನ್ನು ಬಿಡಿಸಿ ನೋಡುವುದಿಲ್ಲ. ಬಿಡಿಸಿದರೆ ಸುರುಟಿದ ಕಾಗದದಂಥ ಎಲೆಗಳು, ಮೇಲೆ ಬೂದು, ಕೆಳಗೆ ಇದ್ದಿಲು ಕಪ್ಪು, ನಡುವೆ ತೊಗಟೆಯ ಚೂರು, ಒಂದಿಷ್ಟು ಪಾಚಿ, ಅಲ್ಲಲ್ಲಿ ದಾರದ ಎಳೆಯಂತಹ ಬೇರೆಯೇ ಯಾವುದೋ ಜಾತಿ. ಎರಡು ಅಗಲವಾದ ಎಲೆಗಳನ್ನು ಆರಿಸಿ, ಬ್ಲೇಡಿನಿಂದ ಮೇಲಿನ ಬೂದು ಪದರವನ್ನು ಕೆರೆದು, ಒಳಗಿನ ಬಿಳಿ ತಿರುಳಿನ ಮೇಲೆ ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ದ್ರಾವಣವನ್ನು ಕಡ್ಡಿಯ ತುದಿಯಿಂದ ಒಂದೊಂದು ಹನಿ ಇಟ್ಟೆ. ಒಂದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಗುಲಾಬಿ ಕೆಂಪು ಮೂಡಿ, ಹಾಗೆಯೇ ಮಾಸಿಹೋಯಿತು. ಇನ್ನೊಂದರಲ್ಲಿ ಏನೂ ಆಗಲಿಲ್ಲ.

ಇದು ನಾನು ಕಂಡುಹಿಡಿದ ಆಟವಲ್ಲ. ವಿಲಿಯಂ ನೈಲಾಂಡರ್ ಎಂಬ ಫಿನ್ಲೆಂಡಿನ ಸಸ್ಯಶಾಸ್ತ್ರಜ್ಞ 1866ರಲ್ಲಿ ಬಳಕೆಗೆ ತಂದ ಪರೀಕ್ಷೆ. ಇಂದಿಗೂ ಕಲ್ಲುಹೂವಿನ ಜಾತಿ ಗುರುತಿಸುವವರು ಚೀಲದಲ್ಲಿ ಬ್ಲೀಚು, ಕಾಸ್ಟಿಕ್ ಪೊಟ್ಯಾಶ್ ಬಾಟಲಿಗಳನ್ನು ಇಟ್ಟುಕೊಂಡೇ ಕಾಡಿಗೆ ಹೋಗುತ್ತಾರೆ. ಕೆಂಪು ಬಂದರೆ ಒಳಗೆ ಲೆಕನೊರಿಕ್ ಆಮ್ಲದಂಥ ವಸ್ತು ಇದೆ. ನಮ್ಮ ಮಾರುಕಟ್ಟೆಗಳಲ್ಲಿ ಧಾರಾಳವಾಗಿ ಸಿಗುವ ಪಾರ್ಮೊಟ್ರೆಮ ಟಿಂಕ್ಟೋರಮ್ ಜಾತಿಯ ಲಕ್ಷಣ ಇದು. ಪುಸ್ತಕಗಳು ಕಲ್ಲುಹೂವು ಎಂದು ಸಾಮಾನ್ಯವಾಗಿ ಹೆಸರಿಸುವ ಪಾರ್ಮೊಟ್ರೆಮ ಪರ್ಲೇಟಮ್‌ನಲ್ಲಿ ಆ ಕೆಂಪು ಬರುವುದಿಲ್ಲ, ಅದರ ತಿರುಳಿನಲ್ಲಿರುವುದು ಸ್ಟಿಕ್ಟಿಕ್ ಆಮ್ಲ. ಎಂದರೆ ಒಂದೇ ಪೊಟ್ಟಣದಲ್ಲಿ, ಒಂದೇ ಹೆಸರಿನಲ್ಲಿ, ಬೇರೆ ಬೇರೆ ರಾಸಾಯನಿಕಗಳ ಜೀವಿಗಳಿವೆ. ಅಡುಗೆಯ ಘಮಕ್ಕೆ ಇದರಿಂದ ದೊಡ್ಡ ತೊಂದರೆಯಿಲ್ಲ. ಔಷಧ ಎಂದು ಹೊರಟ ಕೂಡಲೇ ಇದೇ ಮೊದಲ ತೊಡಕು.

ಕಲ್ಲುಹೂವು ಹೂವೂ ಅಲ್ಲ, ಗಿಡವೂ ಅಲ್ಲ. ಒಂದು ಶಿಲೀಂಧ್ರ, ಅದರ ಮಡಿಲಲ್ಲಿ ಬಿಸಿಲಿನಿಂದ ಸಕ್ಕರೆ ತಯಾರಿಸುವ ಪಾಚಿ ಅಥವಾ ನೀಲಿಹಸಿರು ಬ್ಯಾಕ್ಟೀರಿಯಾ: ಈ ಎರಡರ ಕೂಡುಬಾಳು. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಹೀಗೆ ಹೇಳಿದಾಗ ಅಂದಿನ ಕಲ್ಲುಹೂವು ತಜ್ಞರಲ್ಲಿ ಹಲವರು ಸಿಟ್ಟಾದರು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವರಲ್ಲಿ ಮೇಲೆ ಹೇಳಿದ ನೈಲಾಂಡರ್ ಕೂಡ ಒಬ್ಬರು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ಮಾದರಿಯ ಇನ್ನೊಂದು ಶಿಲೀಂಧ್ರವೂ ಇದೆ ಎಂದು ತೋರಿಸಿದ ಮೇಲೆ ಸಂಸಾರ ಇನ್ನೂ ದೊಡ್ಡದಾಯಿತು.

ಈ ಸಂಸಾರಕ್ಕೆ ಬೇರಿಲ್ಲ, ಅಪಾಯ ಬಂದರೆ ಓಡುವ ಕಾಲೂ ಇಲ್ಲ. ಬಂಡೆಯ ಮೇಲೋ ತೊಗಟೆಯ ಮೇಲೋ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತಾ, ಉರಿಬಿಸಿಲನ್ನೂ ಹುಳುಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಅಲ್ಲೇ ಕುಳಿತು ಎದುರಿಸಬೇಕು. ಅದಕ್ಕೆ ಶಿಲೀಂಧ್ರ ಕಂಡುಕೊಂಡ ಉಪಾಯ ರಾಸಾಯನಿಕ. ಕಲ್ಲುಹೂವುಗಳಿಂದ ಈವರೆಗೆ ಸಾವಿರಕ್ಕೂ ಹೆಚ್ಚು ವಿಶಿಷ್ಟ ಸಂಯುಕ್ತಗಳನ್ನು ಗುರುತಿಸಲಾಗಿದೆ, ಅವುಗಳಲ್ಲಿ ಬಹುಪಾಲು ಬೇರೆ ಯಾವ ಜೀವಿಯಲ್ಲೂ ಸಿಗುವುದಿಲ್ಲ. ಕೆಲವು ಅತಿನೇರಳೆ ಕಿರಣವನ್ನು ಹೀರುತ್ತವೆ, ಕೆಲವು ತಿನ್ನಬಂದ ಬಸವನಹುಳುವಿಗೆ ಕಹಿಯಾಗುತ್ತವೆ, ಕೆಲವು ವಿಷವೇ. ಸ್ಕಾಂಡಿನೇವಿಯದಲ್ಲಿ ತೋಳಗಳನ್ನು ಕೊಲ್ಲಲು ಲೆಥಾರಿಯ ವಲ್ಪಿನ ಎಂಬ ಹಳದಿ ಕಲ್ಲುಹೂವನ್ನು ಮಾಂಸದಲ್ಲಿ ಬೆರೆಸಿಡುತ್ತಿದ್ದರು. ಅದರ ವಿಷ ವಲ್ಪಿನಿಕ್ ಆಮ್ಲ. ಇಂದು ಉರಿಯೂತದ ಮೇಲೆ ಪರೀಕ್ಷೆಗೊಳಗಾಗಿರುವ ಕಲ್ಲುಹೂವು ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಉರಿಯೂತ. ಪದದಲ್ಲೇ ಉರಿಯೂ ಇದೆ, ಊತವೂ ಇದೆ. ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದು ದೇಹದ ರಕ್ಷಣಾ ಕ್ರಮ. ಮುಳ್ಳು ಹೋದ ಮೇಲೂ ಆ ಕ್ರಮ ನಿಲ್ಲದಿದ್ದರೆ, ಅಥವಾ ಮುಳ್ಳೇ ಇಲ್ಲದೆ ಶುರುವಾದರೆ, ಅದು ಕಾಯಿಲೆ. ರೂಮಟಾಯ್ಡ್ ಸಂಧಿವಾತದಲ್ಲಿ ಆಗುವುದು ಇದೇ. ಜೀವಕೋಶದೊಳಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಒಂದು ಬಗೆಯ ಮುಖ್ಯ ಸ್ವಿಚ್ಚು. ಅದು ಒತ್ತಿದೊಡನೆ ಟಿಎನ್‌ಎಫ್, ಇಂಟರ್‌ಲ್ಯೂಕಿನ್‌ಗಳಂಥ ಸಂದೇಶವಾಹಕಗಳು ಹೊರಡುತ್ತವೆ, ಕಾಕ್ಸ್-2 ಎಂಬ ಕಿಣ್ವ ಪ್ರೊಸ್ಟಗ್ಲಾಂಡಿನ್ ತಯಾರಿಕೆಗೆ ಇಳಿಯುತ್ತದೆ. ಆಸ್ಪಿರಿನ್ ಈ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಜಾನ್ ವೇನ್ 1971ರಲ್ಲಿ ತೋರಿಸಿ, 1982ರಲ್ಲಿ ನೊಬೆಲ್ ಪಡೆದರು. ಆಗಿನಿಂದ ಉರಿಯೂತದ ಔಷಧ ಹುಡುಕುವವರಿಗೆ ಈ ಸರಪಳಿಯ ಒಂದೊಂದು ಕೊಂಡಿಯೂ ಗುರಿ.

ಕಲ್ಲುಹೂವಿನ ಆಮ್ಲಗಳು ಈ ಕೊಂಡಿಗಳನ್ನು ನಿಜಕ್ಕೂ ಹಿಡಿಯುತ್ತವೆ. ಐಸ್‌ಲೆಂಡಿನ ಕ್ರಿಸ್ಟೀನ್ ಇಂಗೋಲ್ಫ್ಸ್‌ಡೋಟಿರ್ ತಮ್ಮ ದೇಶದ ಸೆಟ್ರಾರಿಯ ಇಸ್ಲಾಂಡಿಕಾ ಎಂಬ ಕಲ್ಲುಹೂವಿನಿಂದ ತೆಗೆದ ಪ್ರೊಟೊಲಿಕೆಸ್ಟರಿನಿಕ್ ಆಮ್ಲ 5-ಲಿಪಾಕ್ಸಿಜನೇಸ್ ಎಂಬ ಕಿಣ್ವವನ್ನು ತಡೆಯುತ್ತದೆಂದು ತೋರಿಸಿದರು. ಮುಂದೆ ಅವರು ಐಸ್‌ಲೆಂಡ್ ವಿಶ್ವವಿದ್ಯಾಲಯದ ರೆಕ್ಟರ್ ಕೂಡ ಆದರು. ಆ ಕಿಣ್ವ ಮಾಡುವ ಲ್ಯೂಕೊಟ್ರೈನ್‌ಗಳು ಆಸ್ತಮಾದಲ್ಲಿ ಶ್ವಾಸನಾಳ ಬಿಗಿಯುವಂತೆ ಮಾಡುತ್ತವೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಸಂಶೋಧಕರಿದ್ದ ತಂಡವೊಂದು ಫೈಸೊಡಿಕ್, ಪರ್ಲಟೋಲಿಕ್ ಆಮ್ಲಗಳು ಪ್ರೊಸ್ಟಗ್ಲಾಂಡಿನ್ ಇ-2 ತಯಾರಿಸುವ ಕೊನೆಯ ಕಿಣ್ವವನ್ನೇ ಕಡಿಮೆ ಪ್ರಮಾಣದಲ್ಲಿ ಕಟ್ಟಿಹಾಕುತ್ತವೆಂದು ವರದಿ ಮಾಡಿತು. ಇದು ಮಹತ್ವದ ಸುಳಿವು. ಇಡೀ ಕಾಕ್ಸ್ ದಾರಿಯನ್ನು ಮುಚ್ಚಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಕಾಕ್ಸ್-2 ಒಂದನ್ನೇ ಮುಚ್ಚಲು ಹೊರಟ ಮಾತ್ರೆಗಳಲ್ಲಿ ಹೆಸರುವಾಸಿಯಾಗಿದ್ದ ವಯಾಕ್ಸ್ ಹೃದಯಾಘಾತದ ಅಪಾಯದಿಂದಾಗಿ 2004ರಲ್ಲಿ ಮಾರುಕಟ್ಟೆ ಬಿಟ್ಟಿತು. ಆ ದಾರಿಯ ತುದಿಯಲ್ಲಿರುವ ಕಿಣ್ವವನ್ನು ಮಾತ್ರ ತಡೆದರೆ ಎರಡು ತೊಂದರೆಯೂ ತಪ್ಪಬಹುದು ಎಂಬ ಆಸೆ ಹಲವರಿಗಿದೆ. ಕಲ್ಲುಹೂವಿನ ಬಗ್ಗೆ ನನಗೆ ನಿಜಕ್ಕೂ ಕುತೂಹಲ ಹುಟ್ಟಿಸಿದ್ದು ಈ ಕೆಲಸವೇ. ವಾಟ್ಸ್‌ಆ್ಯಪ್ ಸಂದೇಶದಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಉಳಿದ ಪ್ರಬಂಧಗಳಲ್ಲಿ ಬಹಳಷ್ಟರ ವಿಧಾನ ಒಂದೇ ಅಚ್ಚಿನದು. ಇಲಿಯ ಮ್ಯಾಕ್ರೊಫೇಜ್ ಎಂಬ ಬಿಳಿರಕ್ತಕಣಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ಬ್ಯಾಕ್ಟೀರಿಯಾದ ಕವಚದ ಚೂರನ್ನು ಹಾಕಿ ಅವನ್ನು ಕೆರಳಿಸುತ್ತಾರೆ. ಕೆರಳಿದ ಕಣಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ. ಕಲ್ಲುಹೂವಿನ ಸಾರ ಹಾಕಿದಾಗ ಅದು ಎಷ್ಟು ಇಳಿಯಿತು ಎಂದು ಬಣ್ಣದ ಪರೀಕ್ಷೆಯಿಂದ ಅಳೆಯುತ್ತಾರೆ. ಇಳಿದರೆ ಉರಿಯೂತ ನಿರೋಧಕ ಗುಣ ಇದೆ ಎಂದು ಬರೆಯುತ್ತಾರೆ. ಆದರೆ ಸತ್ತ ಕಣವೂ ನೈಟ್ರಿಕ್ ಆಕ್ಸೈಡ್ ಬಿಡುವುದಿಲ್ಲ, ಅರೆಜೀವವಾದದ್ದೂ ಬಿಡುವುದಿಲ್ಲ. ಗಲಾಟೆ ಮಾಡುತ್ತಿದ್ದ ತರಗತಿ ಸುಮ್ಮನಾದದ್ದು ಮೇಷ್ಟರು ಒಳಗೆ ಬಂದದ್ದರಿಂದಲೋ, ಮಕ್ಕಳಿಗೆಲ್ಲ ಜ್ವರ ಬಂದದ್ದರಿಂದಲೋ? ಒಳ್ಳೆಯ ಪ್ರಯೋಗಾಲಯಗಳು ಕಣಗಳು ಜೀವಂತ ಇವೆಯೇ ಎಂದು ಜೊತೆಯಲ್ಲೇ ಪರೀಕ್ಷಿಸುತ್ತವೆ. ಹಾಗೆ ಪರೀಕ್ಷಿಸಿದ ಫಲಿತಾಂಶವನ್ನು ಪ್ರಬಂಧದಲ್ಲಿ ಹುಡುಕಿ ನೋಡುವ ಅಭ್ಯಾಸ ನನಗಿದೆ. ಸಿಗದಿದ್ದರೆ ಅಲ್ಲಿಗೇ ಓದು ನಿಲ್ಲಿಸುತ್ತೇನೆ.

ತಟ್ಟೆಯ ನಂತರ ಇಲಿ. 2000ದಲ್ಲಿ ಭಾರತದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗವನ್ನು ಈ ಕ್ಷೇತ್ರದವರು ಮತ್ತೆ ಮತ್ತೆ ಉಲ್ಲೇಖಿಸುತ್ತಾರೆ. ಕರಾವಳಿಯ ಮರಗಳ ಮೇಲೆ ಜೋತಾಡುವ ರೊಸೆಲ್ಲ ಮೊಂಟಾಗ್ನೈ ಎಂಬ ಕಲ್ಲುಹೂವಿನಿಂದ ತೆಗೆದ ಉಸ್ನಿಕ್ ಆಮ್ಲವನ್ನು ಇಲಿಗಳಿಗೆ ಕುಡಿಸಿದ ಪ್ರಯೋಗ ಅದು. ಇಂಥ ಪರೀಕ್ಷೆ ಹೀಗೆ ನಡೆಯುತ್ತದೆ: ಐಸ್‌ಕ್ರೀಮನ್ನು ಗಟ್ಟಿಯಾಗಿಸಲು ಬಳಸುವ ಕ್ಯಾರಜೀನನ್ ಎಂಬ ಕಡಲಪಾಚಿಯ ಅಂಟನ್ನು ಇಲಿಯ ಹಿಂಗಾಲಿನ ಪಾದದ ಅಡಿಗೆ ಸೂಜಿಯಿಂದ ಚುಚ್ಚುತ್ತಾರೆ. ಪಾದ ಬಾತುಕೊಳ್ಳುತ್ತದೆ. ಆ ಪಾದವನ್ನು ದ್ರವ ತುಂಬಿದ ಸಣ್ಣ ನಳಿಕೆಯಲ್ಲಿ ಅದ್ದಿ, ದ್ರವ ಎಷ್ಟು ಮೇಲೇರಿತು ಎಂಬುದರಿಂದ ಬಾವನ್ನು ಅಳೆಯುತ್ತಾರೆ. ದೀರ್ಘಕಾಲದ ಉರಿಯೂತಕ್ಕೆ ಇನ್ನೊಂದು ವಿಧಾನ ಇದೆ. ಚರ್ಮದ ಕೆಳಗೆ ಹತ್ತಿಯ ಪುಟ್ಟ ಉಂಡೆ ಹುದುಗಿಸಿ, ಕೆಲವು ದಿನಗಳ ನಂತರ ಹೊರತೆಗೆದು, ಸುತ್ತ ಕಟ್ಟಿಕೊಂಡ ಅಂಗಾಂಶದ ಸಮೇತ ಒಣಗಿಸಿ ತೂಗುತ್ತಾರೆ. ಎರಡು ಪರೀಕ್ಷೆಗಳಲ್ಲೂ ಉಸ್ನಿಕ್ ಆಮ್ಲ ಗೆದ್ದಿತು. ಪಾದದ ಬಾವಿನಲ್ಲಂತೂ ಅಷ್ಟೇ ಪ್ರಮಾಣದ ಐಬುಪ್ರೊಫೆನ್‌ಗೆ ಸಮನಾಗಿ ಕೆಲಸ ಮಾಡಿತು.

ಐಬುಪ್ರೊಫೆನ್‌ಗೆ ಸಮ! ಪತ್ರಿಕೆಯ ಶೀರ್ಷಿಕೆಗೆ ಇದಕ್ಕಿಂತ ಏನು ಬೇಕು? ಆದರೆ ಇಲ್ಲಿ ಕೈಯಲ್ಲಿ ಪೆನ್ಸಿಲ್ ಹಿಡಿಯಬೇಕು. ಇಲಿಗೆ ಕೊಟ್ಟದ್ದು ದೇಹತೂಕದ ಕಿಲೋಗ್ರಾಂಗೆ 100 ಮಿಲಿಗ್ರಾಂ. ಸಣ್ಣ ಪ್ರಾಣಿಗಳು ಔಷಧವನ್ನು ಬೇಗ ಕರಗಿಸಿಬಿಡುವುದರಿಂದ, ಇಲಿಯ ಪ್ರಮಾಣವನ್ನು ಸುಮಾರು ಆರರಿಂದ ಭಾಗಿಸಿ ಮನುಷ್ಯನಿಗೆ ಹೊಂದಿಸುವುದು ಔಷಧ ತಜ್ಞರ ರೂಢಿ. ಹಾಗೆ ಹೊಂದಿಸಿದರೆ ಕಿಲೋಗೆ 16 ಮಿಲಿಗ್ರಾಂ ಆಯಿತು. ಚಿಕ್ಕಮ್ಮನ ತೂಕ 60 ಕಿಲೋ ಎಂದುಕೊಳ್ಳಿ. ಹೆಚ್ಚುಕಡಿಮೆ ಒಂದು ಗ್ರಾಂ ಶುದ್ಧ ಉಸ್ನಿಕ್ ಆಮ್ಲ ಬೇಕು. ಇದು ಒರಟು ಲೆಕ್ಕ, ಆದರೂ ದಾರಿ ತೋರಿಸಲು ಸಾಕು.

ಒಂದು ಗ್ರಾಂ ಉಸ್ನಿಕ್ ಆಮ್ಲ ಮನುಷ್ಯನಿಗೆ ಏನು ಮಾಡೀತು ಎಂಬುದನ್ನು ಊಹಿಸಬೇಕಾಗಿಲ್ಲ. ಅಮೆರಿಕದಲ್ಲಿ ಅದು ಆಗಿಹೋಗಿದೆ. ಲಿಪೋಕೈನೆಟಿಕ್ಸ್ ಎಂಬ ತೂಕ ಇಳಿಸುವ ಗುಳಿಗೆಯಲ್ಲಿ ಕೆಫೀನ್, ಯೋಹಿಂಬಿನ್ ಇತ್ಯಾದಿಗಳ ಜೊತೆ ಉಸ್ನಿಕ್ ಆಮ್ಲದ ಸೋಡಿಯಂ ಲವಣ ಇತ್ತು, ಗುಳಿಗೆಗೆ 100 ಮಿಲಿಗ್ರಾಂ. ಅದನ್ನು ತಿಂದವರಲ್ಲಿ ಕಾಮಾಲೆ, ಯಕೃತ್ತಿನ ಊತ ಕಾಣಿಸಿಕೊಂಡು, 2001ರ ನವೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಕೆ ಹೊರಡಿಸಿತು. ಮರುವರ್ಷ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಏಳು ರೋಗಿಗಳ ವಿವರ ಪ್ರಕಟವಾಯಿತು. ಎಲ್ಲರಿಗೂ ಗುಳಿಗೆ ಶುರು ಮಾಡಿದ ಮೂರು ತಿಂಗಳೊಳಗೆ ಯಕೃತ್ತು ಕೆಟ್ಟಿತ್ತು, ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಆ ಗುಳಿಗೆಯಲ್ಲಿ ಬೇರೆ ವಸ್ತುಗಳೂ ಇದ್ದವಲ್ಲ ಎಂದು ವಾದಿಸಬಹುದು. 2004ರಲ್ಲಿ ವರದಿಯಾದ ಇನ್ನೊಂದು ಪ್ರಕರಣದಲ್ಲಿ ಆ ವಾದಕ್ಕೂ ಜಾಗವಿಲ್ಲ. 28 ವರ್ಷದ ಮಹಿಳೆಯೊಬ್ಬರು ತೂಕ ಇಳಿಸಲು ದಿನಕ್ಕೆ 500 ಮಿಲಿಗ್ರಾಂ ಉಸ್ನಿಕ್ ಆಮ್ಲವನ್ನೇ ಸುಮಾರು ಎರಡು ವಾರ ತೆಗೆದುಕೊಂಡಿದ್ದರು. ಅವರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು.

ಇಲಿಯ ಬಾವು ಇಳಿಸಿದ ಪ್ರಮಾಣ ಮನುಷ್ಯನ ಲೆಕ್ಕದಲ್ಲಿ ಒಂದು ಗ್ರಾಂ. ಮನುಷ್ಯನ ಯಕೃತ್ತನ್ನು ಬಲಿ ತೆಗೆದುಕೊಂಡ ಪ್ರಮಾಣ ಅರ್ಧ ಗ್ರಾಂ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಬರಹಗಳು ವಿರಳ. ಉರಿಯೂತದವರು ಉರಿಯೂತದ ಪತ್ರಿಕೆಯಲ್ಲಿ ಬರೆಯುತ್ತಾರೆ, ವಿಷಶಾಸ್ತ್ರದವರು ತಮ್ಮದರಲ್ಲಿ. ಓದುಗನಿಗೆ ಸಿಗುವುದು ಮೊದಲನೆಯದರ ಸಾರಾಂಶ ಮಾತ್ರ.

ಯಕೃತ್ತು ಏಕೆ ಕೆಡುತ್ತದೆ ಎಂಬುದೂ ತಕ್ಕಮಟ್ಟಿಗೆ ತಿಳಿದಿದೆ. ಜೀವಕೋಶದ ಮೈಟೊಕಾಂಡ್ರಿಯಾ ಒಂದು ಸಣ್ಣ ಜಲವಿದ್ಯುತ್ ಕೇಂದ್ರ. ಪೊರೆಯ ಒಂದು ಬದಿಯಲ್ಲಿ ಪ್ರೋಟಾನುಗಳನ್ನು ಕಟ್ಟಿನಿಲ್ಲಿಸಿ, ಅವು ಇಳಿಯುವ ರಭಸದಿಂದ ಚಕ್ರ ತಿರುಗಿಸಿ ಶಕ್ತಿ ತಯಾರಿಸುತ್ತದೆ. ಉಸ್ನಿಕ್ ಆಮ್ಲ ಪ್ರೋಟಾನುಗಳನ್ನು ಹೊತ್ತು ಪೊರೆಯನ್ನೇ ದಾಟಿಬಿಡುತ್ತದೆ. ಲಿಂಗನಮಕ್ಕಿಯ ಗೋಡೆಗೆ ತೂತು ಕೊರೆದ ಹಾಗೆ: ನೀರು ಹರಿಯುತ್ತದೆ, ಟರ್ಬೈನು ತಿರುಗುವುದಿಲ್ಲ, ಶಕ್ತಿಯೆಲ್ಲ ಶಾಖವಾಗಿ ಪೋಲಾಗುತ್ತದೆ. ತೂಕ ಇಳಿಸುವ ಗುಳಿಗೆಗೆ ಅದನ್ನು ಸೇರಿಸಿದ್ದೂ ಇದೇ ಕಾರಣಕ್ಕೆ. 1930ರ ದಶಕದಲ್ಲಿ ಡೈನೈಟ್ರೋಫೀನಾಲ್ ಎಂಬ ಇದೇ ಗುಣದ ರಾಸಾಯನಿಕವನ್ನು ಅಮೆರಿಕದಲ್ಲಿ ತೂಕ ಇಳಿಸಲು ಮಾರಿ, ಜನ ಸತ್ತ ಮೇಲೆ 1938ರಲ್ಲಿ ಕೈಬಿಟ್ಟಿದ್ದರು. ಪಾಠ ಕಲಿಯಲು ಅರವತ್ತು ವರ್ಷ ಸಾಲಲಿಲ್ಲ ಎನ್ನಬೇಕು. ತಟ್ಟೆಯ ಪ್ರಯೋಗಗಳಲ್ಲಿ ಉಸ್ನಿಕ್ ಆಮ್ಲ ಉರಿಯೂತದ ಕಣಗಳನ್ನು ಸುಮ್ಮನಾಗಿಸುವುದರಲ್ಲೂ ಈ ಶಕ್ತಿಸೋರಿಕೆಯ ಪಾತ್ರ ಸ್ವಲ್ಪ ಇರಬಹುದೇ ಎಂಬುದು ನನ್ನ ಅನುಮಾನ. ಕರೆಂಟು ಹೋದ ಕಾರ್ಖಾನೆ ಯಾವ ಸಾಮಾನನ್ನೂ ತಯಾರಿಸುವುದಿಲ್ಲವಷ್ಟೆ.

ಇಷ್ಟು ಹೇಳಿದ ಮೇಲೆ ಚಿಕ್ಕಮ್ಮನನ್ನು ಹೆದರಿಸುವುದೂ ತಪ್ಪು. ಏಕೆಂದರೆ ಅಂಗಡಿಯ ಪಾರ್ಮೊಟ್ರೆಮದಲ್ಲಿ ಮುಖ್ಯವಾಗಿ ಇರುವುದು ಉಸ್ನಿಕ್ ಆಮ್ಲವಲ್ಲ. ಉಸ್ನಿಕ್ ಆಮ್ಲ ಧಾರಾಳವಾಗಿರುವುದು ಮಲೆನಾಡಿನ ಎತ್ತರದ ಮರಗಳಿಂದ ಗಡ್ಡದಂತೆ ಇಳಿಬೀಳುವ ಉಸ್ನಿಯ ಜಾತಿಗಳಲ್ಲಿ. ಅದರ ಹೆಸರು ಬಂದದ್ದೇ ಅಲ್ಲಿಂದ. ಕಲ್ಲುಹೂವಿನ ಮೇಲ್ಪದರದ ಬೂದುಬಣ್ಣದಲ್ಲಿರುವುದು ಅಟ್ರನೊರಿನ್. ಅದಕ್ಕೂ ಇಲಿಗಳಲ್ಲಿ ನೋವು, ಉರಿಯೂತ ತಗ್ಗಿಸಿದ ವರದಿಗಳಿವೆ. ಆದರೆ ಅಟ್ರನೊರಿನ್ ಆಗಲಿ, ಈ ಗುಂಪಿನ ಇತರ ಬಹುತೇಕ ಆಮ್ಲಗಳಾಗಲಿ ನೀರಿನಲ್ಲಿ ಕರಗುವುದೇ ಕಷ್ಟ. ಪ್ರಯೋಗಾಲಯದಲ್ಲಿ ಅವನ್ನು ಅಸಿಟೋನ್‌ನಿಂದ ತೆಗೆಯುತ್ತಾರೆ, ಉಗುರುಬಣ್ಣ ಅಳಿಸುವ ಆ ದ್ರವದಿಂದ. ಕಷಾಯ ಮಾಡುವುದು ನೀರಿನಲ್ಲಿ. ಎಂದರೆ ಕುದಿಸಿ ಸೋಸಿದಾಗ ಸಂದೇಶದಲ್ಲಿ ಹೊಗಳಿದ ವಸ್ತು ಬಹುಪಾಲು ಸೋಸುವ ಬಟ್ಟೆಯಲ್ಲೇ ಉಳಿಯುತ್ತದೆ, ಲೋಟಕ್ಕೆ ಬರುವುದು ಮುಖ್ಯವಾಗಿ ಲೋಳೆಯಂಥ ಶರ್ಕರಗಳು.

ಆ ಲೋಳೆಯನ್ನು ಹಗುರವಾಗಿ ಕಾಣಬೇಡಿ. ಕಲ್ಲುಹೂವಿನ ಕುಲದಲ್ಲಿ ಮನುಷ್ಯರ ಮೇಲೆ ನಿಜವಾಗಿ ಬಳಕೆಯಲ್ಲಿ ಉಳಿದಿರುವುದು ಅದೇ. ಸೆಟ್ರಾರಿಯ ಇಸ್ಲಾಂಡಿಕಾವನ್ನು ಐಸ್‌ಲೆಂಡಿನವರು ಬರಗಾಲದಲ್ಲಿ ಹಿಟ್ಟಿಗೆ ಬೆರೆಸಿ ತಿಂದವರು, ಕೆಮ್ಮಿಗೆ ಹಾಲಿನಲ್ಲಿ ಕುದಿಸಿ ಕುಡಿದವರು. ಈಗ ಯುರೋಪಿನ ಔಷಧ ಅಂಗಡಿಗಳಲ್ಲಿ ಅದರ ಚೀಪುವ ಗುಳಿಗೆಗಳಿವೆ. ಯುರೋಪಿಯನ್ ಔಷಧ ಸಂಸ್ಥೆ ಅದನ್ನು ಗಂಟಲಿನ ಕೆರೆತ, ಒಣಕೆಮ್ಮು, ತಾತ್ಕಾಲಿಕ ಅರುಚಿಗೆ ಸಾಂಪ್ರದಾಯಿಕ ಔಷಧವೆಂದು ಒಪ್ಪಿದೆ. ಸಾಂಪ್ರದಾಯಿಕ ಎಂಬ ಮಾತಿಗೆ ಅಲ್ಲಿ ಕಾನೂನಿನ ಅರ್ಥವೇ ಇದೆ: ಕನಿಷ್ಠ 30 ವರ್ಷ, ಅದರಲ್ಲಿ 15 ವರ್ಷ ಯುರೋಪ್ ಒಕ್ಕೂಟದೊಳಗೆ, ತೊಂದರೆಯಿಲ್ಲದೆ ಬಳಸಿದ ದಾಖಲೆ. ಪರೀಕ್ಷೆ ಮಾಡಿ ಸಾಬೀತುಪಡಿಸಿದ್ದು ಎಂದಲ್ಲ. ಲಿಕೆನನ್ ಎಂಬ ಲೋಳೆ ಗಂಟಲಿನ ಒಳಪದರದ ಮೇಲೆ ಹರಡಿ ಹಿತ ಕೊಡುತ್ತದೆ, ಅಷ್ಟೇ. ಮಂಡಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ವಿಚಿತ್ರ. ಅಟ್ರನೊರಿನ್ ಒಡೆದರೆ ಅಟ್ರನಾಲ್ ಎಂಬ ಸಣ್ಣ ಅಣು ಸಿಗುತ್ತದೆ. ಓಕ್ ಮರದ ಮೇಲಿನ ಎವರ್ನಿಯ ಪ್ರುನಾಸ್ಟ್ರಿ ಎಂಬ ಕಲ್ಲುಹೂವಿನ ಸಾರವನ್ನು ಫ್ರಾನ್ಸಿನ ಸುಗಂಧ ತಯಾರಕರು ತಲೆಮಾರುಗಳಿಂದ ಬಳಸುತ್ತಿದ್ದರು. ಅದರಲ್ಲಿರುವ ಅಟ್ರನಾಲ್ ಮತ್ತು ಕ್ಲೋರೊಅಟ್ರನಾಲ್‌ಗಳು ಚರ್ಮದ ಅಲರ್ಜಿ ಹುಟ್ಟಿಸುವುದರಲ್ಲಿ ಎಷ್ಟು ಪ್ರಬಲವೆಂದರೆ, 2017ರಲ್ಲಿ ಯುರೋಪ್ ಒಕ್ಕೂಟ ಸೌಂದರ್ಯ ಸಾಧನಗಳಲ್ಲಿ ಅವೆರಡನ್ನೂ ನಿಷೇಧಿಸಲು ತೀರ್ಮಾನಿಸಿತು. ಮರ ಕಡಿಯುವ ಕೂಲಿಕಾರರಿಗೆ ಕಲ್ಲುಹೂವಿನಿಂದ ಬರುವ ಇಸಬು ಚರ್ಮವೈದ್ಯರಿಗೆ ಹಳೆಯ ಪರಿಚಯ, ಅದಕ್ಕೆ ಕಾರಣವಾಗುವ ವಸ್ತುಗಳಲ್ಲಿ ಉಸ್ನಿಕ್ ಆಮ್ಲವೂ ಒಂದು. ಅಲರ್ಜಿಯ ಇಸಬು ಎಂದರೆ ಚರ್ಮದ ಉರಿಯೂತವೇ. ಬಾವು ಇಳಿಸುತ್ತದೆಂದು ಇಲಿಗೆ ಕುಡಿಸಿದ ವಸ್ತುವೇ ಮನುಷ್ಯನ ಕೈಯಲ್ಲಿ ಬಾವು ಎಬ್ಬಿಸುತ್ತದೆ. ಉರಿಯೂತ ನಿರೋಧಕ ಎಂಬುದು ಸಕ್ಕರೆಗೆ ಸಿಹಿ ಇದ್ದ ಹಾಗೆ ವಸ್ತುವಿಗೆ ಅಂಟಿಕೊಂಡ ಗುಣವಲ್ಲ. ಎಲ್ಲಿ, ಎಷ್ಟು, ಯಾರಿಗೆ ಎಂಬುದರ ಮೇಲೆ ಅದು ಮಗುಚಿಬೀಳುತ್ತದೆ.

ಇಲ್ಲಿ ಆಯುರ್ವೇದದ ಮಾತು ಬಂದೇ ಬರುತ್ತದೆ. ಕಲ್ಲುಹೂವು ಅಲ್ಲಿ ಶೈಲೇಯ, ಶಿಲಾಪುಷ್ಪ. ಲೇಪಗಳಲ್ಲಿ, ತೈಲಗಳಲ್ಲಿ ಹಲವು ದ್ರವ್ಯಗಳ ನಡುವೆ ಒಂದಾಗಿ ಅದು ಬರುತ್ತದೆ. ಗಮನಿಸಬೇಕಾದದ್ದು ಎಣ್ಣೆ. ನೀರಿಗಿಂತ ಎಣ್ಣೆಯಲ್ಲಿ ಈ ಆಮ್ಲಗಳು ಹೆಚ್ಚು ಕರಗುತ್ತವೆ, ಮೈಮೇಲೆ ಹಚ್ಚಿದಾಗ ಯಕೃತ್ತಿಗೆ ತಲುಪುವುದು ಕಡಿಮೆ. ಇಂದಿನ ಔಷಧ ರಸಾಯನಶಾಸ್ತ್ರದವರಲ್ಲಿ ಕೆಲವರು ಕಲ್ಲುಹೂವು ವಸ್ತುಗಳನ್ನು ಮುಲಾಮು, ಗಾಯದ ಪಟ್ಟಿಗಳ ರೂಪದಲ್ಲಿ ಪ್ರಯತ್ನಿಸುತ್ತಿರುವುದೂ ಅದೇ ತರ್ಕದಿಂದ. ಪೂರ್ವಜರಿಗೆ ಎಲ್ಲ ಗೊತ್ತಿತ್ತು ಎನ್ನುವವರು ಪೂರ್ವಜರು ಇದನ್ನು ಯಾವುದರಲ್ಲಿ ಬೆರೆಸಿ ಎಲ್ಲಿ ಹಚ್ಚುತ್ತಿದ್ದರು ಎಂಬುದನ್ನಾದರೂ ಓದಿಕೊಂಡು ಸಂದೇಶ ಕಳಿಸಬಾರದೇ?

ತಟ್ಟೆ, ಇಲಿ ಆದ ಮೇಲೆ ಮನುಷ್ಯರ ಸರದಿ ಏಕೆ ಬಂದಿಲ್ಲ? ಸಂಧಿವಾತಕ್ಕೆ ಶುದ್ಧ ಕಲ್ಲುಹೂವು ಸಂಯುಕ್ತದಿಂದ ತಯಾರಾಗಿ ವೈದ್ಯರು ಬರೆದುಕೊಡುವ ಮಾತ್ರೆ ಇಂದು ಒಂದೂ ಇಲ್ಲ. ಯಕೃತ್ತಿನ ಭಯ ಒಂದು ಕಾರಣ, ಕರಗದಿರುವಿಕೆ ಇನ್ನೊಂದು. ಮೂರನೆಯದು ತೀರಾ ಲೌಕಿಕ: ಸಾಮಾನು ಎಲ್ಲಿಂದ ತರುವುದು? ಕಲ್ಲುಹೂವನ್ನು ಗದ್ದೆಯಲ್ಲಿ ಬೆಳೆಯಲು ಬರುವುದಿಲ್ಲ. ಶಿಲೀಂಧ್ರವನ್ನು ಪ್ರತ್ಯೇಕಿಸಿ ಪ್ರಯೋಗಾಲಯದಲ್ಲಿ ಬೆಳೆಸಿದರೆ ಅದು ಆಮೆಯ ನಡಿಗೆಯಲ್ಲಿ ಬೆಳೆಯುತ್ತದೆ, ಎಷ್ಟೋ ಸಲ ಬೇಕಾದ ಆಮ್ಲವನ್ನು ತಯಾರಿಸುವುದೇ ಇಲ್ಲ. ಹೀಗಾಗಿ ಎಲ್ಲವೂ ಕಾಡಿನಿಂದಲೇ ಬರಬೇಕು.

ಕಾಡಿನಿಂದ ಎಂದರೆ ನಮ್ಮಲ್ಲಿ ಯಾರದೋ ಕೈಯಿಂದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿಕಾಯಿಗಳ ಜೊತೆ ಕಲ್ಲುಹೂವನ್ನೂ ಕಿತ್ತು ಸಹಕಾರ ಸಂಘಗಳಿಗೆ ಕೊಡುತ್ತಿದ್ದವರು. ವನ್ಯಜೀವಿ ಕಾನೂನಿನ ಹೆಸರಿನಲ್ಲಿ ಅದು ನಿಂತು, 2011ರಲ್ಲಿ ಅವರ ಸಮುದಾಯದ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು ದೊಡ್ಡ ಕಥೆ. ಹಿಮಾಲಯದ ತಪ್ಪಲಿನಿಂದಲೂ ಮೂಟೆಗಟ್ಟಲೆ ಸಾಂಬಾರ ಮಾರುಕಟ್ಟೆಗೆ ಬರುತ್ತದೆ. ಅಡುಗೆಯ ಚಿಟಿಕೆಗೇ ಇಷ್ಟು ಬೇಕಾದರೆ, ದಿನಕ್ಕೊಂದು ಹಿಡಿ ಕಷಾಯಕ್ಕೆ ಎಂದು ಲಕ್ಷಾಂತರ ಮಂದಿ ಹೊರಟರೆ ಏನಾದೀತು? ಅಂಗೈ ಅಗಲದ ಒಂದು ಎಲೆಯ ಹಿಂದೆ ಹಲವು ಮಳೆಗಾಲಗಳಿವೆ.

ಇದರ ಜೊತೆ ಶುದ್ಧತೆಯ ಪ್ರಶ್ನೆಯೂ ಇದೆ. ಬೇರಿಲ್ಲದ ಈ ಜೀವಿ ಗಾಳಿ, ಮಳೆ, ದೂಳಿನಿಂದ ಬಂದದ್ದನ್ನೆಲ್ಲ ಹೀರಿ ಇಟ್ಟುಕೊಳ್ಳುತ್ತದೆ, ಸೀಸ, ಕ್ಯಾಡ್ಮಿಯಂ ಸಮೇತ. ಅದಕ್ಕೇ ವಾಯುಮಾಲಿನ್ಯ ಅಳೆಯಲು ಅದನ್ನು ಬಳಸುವುದು. ಚೆರ್ನೋಬಿಲ್ ದುರಂತವಾದ 1986ರಲ್ಲಿ ವಿಕಿರಣಶೀಲ ಸೀಸಿಯಂ ಕಲ್ಲುಹೂವಿಗೆ, ಅಲ್ಲಿಂದ ಅದನ್ನು ಮೇಯುವ ಹಿಮಸಾರಂಗಕ್ಕೆ, ಅಲ್ಲಿಂದ ಅದರ ಮಾಂಸ ತಿನ್ನುವ ಉತ್ತರ ಯುರೋಪಿನ ಸಾಮಿ ಜನರ ತಟ್ಟೆಗೆ ಬಂದಿತ್ತು. ನನ್ನ 50 ಗ್ರಾಂ ಪೊಟ್ಟಣ ಯಾವ ಕಾಡಿನದೋ, ಯಾವ ಹೆದ್ದಾರಿಯ ಪಕ್ಕದ ಸಾಲುಮರದ್ದೋ ಅದರ ಮೇಲೆ ಬರೆದಿರಲಿಲ್ಲ. ಚಿಟಿಕೆಗೆ ಚಿಂತೆಯಿಲ್ಲ. ಹಿಡಿಗಟ್ಟಲೆ, ತಿಂಗಳುಗಟ್ಟಲೆ ಎಂದರೆ ಚಿಂತೆಯಿದೆ.

ಸಾಮಾನಿನ ಸಮಸ್ಯೆಗೆ ಒಂದು ದಾರಿ ಇತ್ತೀಚೆಗೆ ತೆರೆದಿದೆ, ಅದೂ ಅನಿರೀಕ್ಷಿತ ಕಡೆಯಿಂದ. ಅಟ್ರನೊರಿನ್ ತಯಾರಿಸುವ ಜೀನುಗಳ ಗುಂಪನ್ನು ಹಿಮಸಾರಂಗ ಮೇಯುವ ಕ್ಲಾಡೋನಿಯ ರಾಂಜಿಫೆರಿನ ಎಂಬ ಕಲ್ಲುಹೂವಿನಲ್ಲಿ ಸಂಶೋಧಕರು ಪತ್ತೆಹಚ್ಚಿ, ಬೇರೊಂದು ಶಿಲೀಂಧ್ರಕ್ಕೆ ಸೇರಿಸಿ, ಅದರಿಂದ ಅಟ್ರನೊರಿನ್ ತಯಾರಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ಕೆಲಸಕ್ಕೆ ಹಿಡಿದ ಆ ಇನ್ನೊಂದು ಶಿಲೀಂಧ್ರ ಆಸ್ಕೊಕೈಟ ರಾಬಿಯೈ, ಕಡಲೆ ಬೆಳೆಗೆ ಅಂಗಮಾರಿ ರೋಗ ತರುವ ಪೀಡೆ. ಕಲ್ಲುಹೂವು ವರ್ಷಗಳಲ್ಲಿ ಮಾಡುವುದನ್ನು ಹೀಗೆ ಜಾಡಿಯಲ್ಲಿ ದಿನಗಳಲ್ಲಿ ಮಾಡಲು ಸಾಧ್ಯವಾದರೆ, ಶುದ್ಧ ವಸ್ತು ಬೇಕಾದಷ್ಟು ಸಿಗುತ್ತದೆ. ಯಕೃತ್ತಿಗೆ ಕೇಡು ಮಾಡುವ ಭಾಗವನ್ನು ಬದಲಿಸಿ, ಕಿಣ್ವವನ್ನು ಹಿಡಿಯುವ ಭಾಗವನ್ನು ಉಳಿಸಿಕೊಂಡ ಹೊಸ ಅಣುಗಳನ್ನು ಕಟ್ಟಲೂ ಬಹುದು. ಮುಂದೊಂದು ದಿನ ಇಲ್ಲಿಂದ ಮಾತ್ರೆ ಬಂದರೆ ಅದರಲ್ಲಿ ಕಲ್ಲುಹೂವಿನ ಒಂದು ಚೂರೂ ಇರಲಿಕ್ಕಿಲ್ಲ.

ಚಿಕ್ಕಮ್ಮನಿಗೆ ಇಷ್ಟೆಲ್ಲ ಹೇಳಲಿಲ್ಲ. ಕಷಾಯ ಬೇಡ, ಮಂಡಿಯನ್ನು ಮೂಳೆ ವೈದ್ಯರಿಗೆ ತೋರಿಸಿ, ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಜೊತೆ ಏನನ್ನೂ ಬೆರೆಸಬೇಡಿ ಎಂದೆ. "ಹಾಗಾದರೆ ನಾನು ತರಿಸಿಟ್ಟ ಕಾಲು ಕಿಲೋ ಕಲ್ಲುಹೂವನ್ನು ಏನು ಮಾಡಲಿ?" ಎಂದರು. ಬಿಸಿಬೇಳೆ ಭಾತಿಗೆ ಕಾಲು ಕಿಲೋ ಎಂದರೆ ಎಷ್ಟು ವರ್ಷಕ್ಕೆ ಆದೀತು ಎಂದು ಇಬ್ಬರೂ ಲೆಕ್ಕ ಹಾಕಿದೆವು. ಅಷ್ಟರೊಳಗೆ ಹುಳ ಬೀಳುತ್ತದೆ ಎಂದು ಅವರು, ಕಲ್ಲುಹೂವಿಗೆ ಹುಳ ಬೀಳುವುದು ಕಡಿಮೆ ಎಂದು ನಾನು. ಅದಕ್ಕೆ ಕಾರಣ ಆ ಆಮ್ಲಗಳೇ ಇರಬೇಕು.